ತೊಂದರೆ ಬರುವುದು ಜಿಗ್‌ನಿಂದ

ಟೆಕ್ಸಾಸ್‌ನ ಶೆಡ್‌ನಲ್ಲಿ ಎಆರ್-15 ರೈಫಲ್‌ನ ‘80% ಲೋವರ್’ (ಟ್ರಿಗರ್ ಕೂರುವ ಕೆಳ ಚೌಕಟ್ಟು, ಪೂರ್ತಿ ಮಾಡದೆ ಬಿಟ್ಟದ್ದು) ಮಾಡಿ, ಜಿಗ್ (ಎಲ್ಲಿ ಕೊರೆಯಬೇಕೆಂದು ತೋರಿಸುವ ಅಚ್ಚು) ಜೊತೆ ಆನ್‌ಲೈನ್‌ನಲ್ಲಿ ಮಾರಲು ಲೈಸೆನ್ಸ್ ಬೇಕಾ ಎಂದು ಕೇಳಿದ್ದೀರಿ. ಬೇಕು, ಅದಕ್ಕೆ ಕಾರಣ ಆ ಜಿಗ್‌. 80% ಅನ್ನೋದು ಅಂಗಡಿಯವರ ಮಾತು, ಕಾನೂನಿನದ್ದಲ್ಲ. 2022ರ ಆಗಸ್ಟ್‌ನಿಂದ ಜಾರಿಯಲ್ಲಿರುವ ಎಟಿಎಫ್ (ಅಮೆರಿಕದ ಬಂದೂಕು ನಿಯಂತ್ರಣ ಸಂಸ್ಥೆ) ನಿಯಮ, ಒಂದು ತುಂಡು ಬಂದೂಕು ಎನಿಸುತ್ತದೆಯೇ ಎಂದು ನೋಡುವಾಗ, ಅದರ ಜೊತೆ ಮಾರುವ ಜಿಗ್, ಟೂಲ್, ಸೂಚನೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು 7–2ರಲ್ಲಿ ಎತ್ತಿಹಿಡಿದಿದೆ.

ಮೊದಲು ನಿಮ್ಮ ವೀಸಾ ನೋಡಿ. ಎಚ್-1ಬಿ ಆದರೆ ಇಲ್ಲಿಗೇ ನಿಲ್ಲಿಸಿ. ಬೇಟೆ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದೇ ಅಪರಾಧ, ರಿಸೀವರ್ (ಬಂದೂಕಿನ ಮುಖ್ಯ ಚೌಕಟ್ಟು, ಎಆರ್-15ರಲ್ಲಿ ಲೋವರ್) ಒಂದೇ ಇದ್ದರೂ ಅದು ಬಂದೂಕೇ. ಸೈಡ್ ಬಿಸಿನೆಸ್ ಬೇರೆ ತಲೆನೋವು.

ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದರೆ ಟ್ರಿಗರ್ ಕೂರುವ ಜಾಗ ನೋಡಿ. ಅಲ್ಲಿ ಪೂರ್ತಿ ಗಟ್ಟಿ ಲೋಹ ಇರಬೇಕು. ಡ್ರಿಲ್ ಮೊನೆ ಕೂರಲು ಒಂದು ಚುಕ್ಕೆಯ ಗುರುತೂ ಬೇಡ. ಅಂಥ ತುಂಡನ್ನು ಜಿಗ್ ಇಲ್ಲದೆ ಮಾರಿದರೆ ರಿಸೀವರ್ ಅಲ್ಲ ಎಂದು ಎಟಿಎಫ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿತ್ತು. ಬೇರೆ ವಿನ್ಯಾಸಕ್ಕೆ ಗೆರೆ ಅಷ್ಟು ಸ್ಪಷ್ಟವಿಲ್ಲ. ಊಹೆ ಮಾಡಬೇಡಿ. ಮಾರುವ ಕಿಟ್ ಹೇಗಿದೆಯೋ ಹಾಗೇ, ಜಿಗ್ ಸಮೇತ, ಎಟಿಎಫ್‌ಗೆ ಕಳಿಸಿ ಲಿಖಿತ ತೀರ್ಮಾನ ಕೇಳಿ.

ಕಿಟ್ ಮಾರಲೇಬೇಕಾ? ಹಾಗಾದರೆ ಟೈಪ್ 07 (ಬಂದೂಕು ತಯಾರಕರ) ಲೈಸೆನ್ಸ್ ತೆಗೆದುಕೊಳ್ಳಿ, ಮೂರು ವರ್ಷಕ್ಕೆ 150 ಡಾಲರ್. ಸೀರಿಯಲ್ ನಂಬರ್ ಕೊರೆದು, ರಿಜಿಸ್ಟರ್‌ನಲ್ಲಿ ಬರೆದಿಡಬೇಕು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ ಆರ್ಡರ್‌ಗಳನ್ನು ಮುಟ್ಟಲೇಬೇಡಿ, ಅಲ್ಲಿನ ಕಾನೂನು ಇನ್ನೂ ಬಿಗಿ. ಬಂದೂಕು ಕಾನೂನಿನ ವಕೀಲರಿಗೆ ಕಾಗದ ತೋರಿಸುವ ತನಕ ಆನ್‌ಲೈನ್ ಲಿಸ್ಟಿಂಗ್ ಹಾಕಿದ್ದರೆ ತೆಗೆದುಹಾಕಿ.