ಇಳಿಜಾರಿನಲ್ಲಿ ತೊಡೆ ಹಿಡಿದರೆ

ಪ್ರಶ್ನೆ: ಮ್ಯಾರಥಾನ್‌ಗೆ ಹತ್ತು ವಾರ ಇದೆ. ಭಾನುವಾರ ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹತ್ತಿ, ಅದೇ ದಾರೀಲಿ ಓಡಿ ಇಳೀತೀನಿ. ಹತ್ತುವಾಗ ಏನೂ ಆಗಲ್ಲ. ಮಂಗಳವಾರ ಮಾತ್ರ ಮೆಟ್ಟಿಲು ಇಳಿಯಲಾಗದಷ್ಟು ತೊಡೆ ನೋವು. ಹೆಬ್ಬೆರಳ ಉಗುರೂ ಕಪ್ಪಾಗಿದೆ. ಗುಡ್ಡ ಬಿಡಲೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಹತ್ತುವುದು ಹಾಗೇ ಇರಲಿ, ಇಳಿಯುವುದನ್ನು ಅಳತೆಗೆ ತನ್ನಿ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಿಡಿಯಬೇಕು. ಆಗ ಅದರ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟಾಗುತ್ತದೆ. ನೋವು ಒಂದೆರಡು ದಿನ ತಡವಾಗಿ ಏರುವುದು ಅದಕ್ಕೇ. ಆದರೆ ಒಮ್ಮೆ ಹದವಾಗಿ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅಷ್ಟು ಸುಲಭಕ್ಕೆ ನೋಯುವುದಿಲ್ಲ. ಹಾಗಾಗಿ ಮೊದಲ ಸಲ 1 ಕಿ.ಮೀ. ಮಾತ್ರ ಓಡಿ ಇಳಿಯಿರಿ, ಉಳಿದದ್ದು ನಡಿಗೆ. ಹತ್ತು ದಿನ ಬಿಟ್ಟು 2, ಆಮೇಲೆ 3. ಹೆಜ್ಜೆ ಚಿಕ್ಕದಾಗಿ, ಬೇಗಬೇಗ ಬೀಳಲಿ. ಕಾಲು ಮುಂದೆ ಚಾಚಿ ಹಿಮ್ಮಡಿ ಕುಕ್ಕಿದರೆ ಮಂಡಿಯೂ ಹೋಗುತ್ತದೆ. 30 ಕಿ.ಮೀ. ಉದ್ದದ ಓಟಕ್ಕೆ ಗುಡ್ಡ ಬೇಡ, ಸಮತಟ್ಟು ರಸ್ತೆ ಹಿಡಿಯಿರಿ. ಅದೂ, ಕೊನೆಯ ದೊಡ್ಡ ಇಳಿತವೂ ರೇಸಿಗೆ ಮೂರು ವಾರ ಮೊದಲೇ ಮುಗಿಯಲಿ. ಗಿರಿಯ ರಸ್ತೆಯಲ್ಲಿ ಪ್ರವಾಸಿ ವಾಹನ ಶುರುವಾಗುವ ಮೊದಲೇ ಇಳಿದುಬಿಡಿ, ತಿರುವುಗಳಲ್ಲಿ ಅವರಿಗೆ ನೀವು ಕಾಣುವುದಿಲ್ಲ.

ಉಗುರು ಕಪ್ಪಾಗುವುದು ಪಾದ ಮುಂದೆ ಜಾರಿ ಶೂ ತುದಿಗೆ ಗುದ್ದುವುದರಿಂದ. ಬೆರಳ ಮುಂದೆ ಹೆಬ್ಬೆರಳಗಲ ಜಾಗ ಇರಬೇಕು. ಶೂನ ಮೇಲ್ತುದಿಯಲ್ಲಿ ಎಲ್ಲರೂ ಖಾಲಿ ಬಿಡುವ ಒಂದು ತೂತಿದೆಯಲ್ಲ, ಲೇಸನ್ನು ಅದೇ ಬದಿಯ ಆ ತೂತಿಗೆ ತೂರಿಸಿ ಸಣ್ಣ ಕಿವಿ ಮಾಡಿ. ಎರಡೂ ಕಡೆ ಆದ ಮೇಲೆ ಈ ತುದಿಯನ್ನು ಆ ಕಿವಿಯೊಳಗೆ, ಆ ತುದಿಯನ್ನು ಈ ಕಿವಿಯೊಳಗೆ ಹಾಯಿಸಿ, ಕೆಳಕ್ಕೆ ಎಳೆದು ಕಟ್ಟಿ. ಹಿಮ್ಮಡಿ ಅಲ್ಲಾಡುವುದಿಲ್ಲ.

ಪ್ರಶ್ನೆ: ಹಾಸನದಲ್ಲಿ ಅಭ್ಯಾಸ, 21 ಕಿ.ಮೀ. ರೇಸ್ ಮಂಗಳೂರಲ್ಲಿ. ನೀರು ಎಷ್ಟು ಕುಡಿಯಬೇಕು?
– ಓದುಗರು, ಹಾಸನ

ಉತ್ತರ: ತಕ್ಕಡಿ ಹೇಳುತ್ತದೆ. ಒಂದು ಗಂಟೆ ಓಡಿ ನೋಡಿ. ಹೊರಡುವ ಮೊದಲು ಒಮ್ಮೆ, ಓಡಿ ಬಂದು ಬೆವರು ಒರೆಸಿಕೊಂಡು ಇನ್ನೊಮ್ಮೆ ತೂಗಿ. ನಡುವೆ ಏನೂ ಕುಡಿಯದೆ 1 ಕೆ.ಜಿ. ಇಳಿದಿದ್ದರೆ ಸುಮಾರು 1 ಲೀಟರ್ ಬೆವರು. ಅದಷ್ಟನ್ನೂ ಓಡುತ್ತಲೇ ತುಂಬಿಕೊಳ್ಳಬೇಕಿಲ್ಲ. ತೂಕ ಏರಿದ್ದರೆ ಕುಡಿದದ್ದು ಅತಿಯಾಯಿತು. ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಬರಬಹುದು, ಇದು ಬಾಯಾರಿಕೆಗಿಂತ ಅಪಾಯ. 1 ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಅರ್ಧ ಲೀಟರಿಗೆ ಕಲಸಬೇಡಿ, ಹೊಟ್ಟೆ ಕೆಡುತ್ತದೆ. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಹಾಸನದ ತಂಪಿನಲ್ಲಿ ಓಡಿ ಮುಗಿಸುವಷ್ಟೇ ಸಮಯದಲ್ಲಿ ಅಲ್ಲೂ ಮುಗಿಸಲು ನೋಡಬೇಡಿ. ಮೊದಲ 5 ಕಿ.ಮೀ. ಬೇಕೆಂದೇ ನಿಧಾನ ಮಾಡಿ.

ಪ್ರಶ್ನೆ: ರೇಸಿನ ಹಿಂದಿನ ರಾತ್ರಿ ಮುದ್ದೆ ಉಣ್ಣಬಹುದೇ?
– ಓದುಗರು, ಅರಸೀಕೆರೆ

ಉತ್ತರ: ಉದ್ದದ ಓಟದ ಹಿಂದಿನ ರಾತ್ರಿಗಳಲ್ಲಿ ಉಂಡು ತೊಂದರೆಯಾಗಿಲ್ಲ ಅಂದರೆ ಉಣ್ಣಿ. ಇಲ್ಲವಾದರೆ ಅನ್ನ, ತಿಳಿಸಾರು. ಬೆಳಿಗ್ಗೆ ಓಟಕ್ಕೆ ಎರಡೂವರೆ ಗಂಟೆ ಮೊದಲು ಇಡ್ಲಿ. ಅವರೆಕಾಳಿನ ಸಾರು ಮಾತ್ರ ರೇಸ್ ಮುಗಿದ ಮೇಲೆ.