ಮೊದಲು ಒಂದು ಕ್ಯಾನ್ಸರ್ ಅಂದ್ರು, ಈಗ ಎರಡು ಸೇರಿದೆ ಅಂತಾರೆ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮಪ್ಪಂಗೆ 61 ವರ್ಷ. ಮೊದಲು ಮುದ್ದೆ ಇಳೀತಿರ್ಲಿಲ್ಲ, ಈಗ ಗಂಜಿನೂ ಕಷ್ಟ, ತುಂಬ ಸೊರಗಿದಾರೆ. ಎಂಡೋಸ್ಕೋಪಿ ಮಾಡಿ ಅನ್ನನಾಳದಲ್ಲಿ ಸ್ಕ್ವಾಮಸ್ ಕ್ಯಾನ್ಸರ್ ಅಂದ್ರು. ಬೇರೆ ಆಸ್ಪತ್ರೇಲಿ ಮತ್ತೆ ಬಯಾಪ್ಸಿ ಮಾಡಿದ್ರೆ ಸ್ಮಾಲ್ ಸೆಲ್ ನ್ಯೂರೋಎಂಡೋಕ್ರೈನ್ ಕೂಡ ಸೇರಿದೆ, ಮಿಕ್ಸೆಡ್ ಅಂತ ಬಂತು. ಯಾವುದನ್ನ ನಂಬೋದು?
– ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ನೋಡಮ್ಮ, ಎರಡೂ ರಿಪೋರ್ಟ್ ನಿಜ ಇರಬಹುದು. ಸ್ಕ್ವಾಮಸ್ ಅಂದ್ರೆ ಅನ್ನನಾಳದ ಒಳಪದರದ ಚಪ್ಪಟೆ ಕೋಶಗಳಿಂದ ಹುಟ್ಟೋದು, ನ್ಯೂರೋಎಂಡೋಕ್ರೈನ್ ಅಂದ್ರೆ ಹಾರ್ಮೋನ್ ಸ್ರವಿಸೋ ಜಾತಿಯ ಕೋಶಗಳದ್ದು, ಸ್ಮಾಲ್ ಸೆಲ್ ಅದರಲ್ಲೇ ಜೋರಾಗಿ ಬೆಳೆಯೋ ಬಗೆ. ಎಂಡೋಸ್ಕೋಪಿಲಿ ಕಿತ್ತು ತೆಗೆಯೋದು ಅಕ್ಕಿ ನುಚ್ಚಿನಷ್ಟು ಚೂರುಗಳು, ಅದೂ ಗಡ್ಡೆ ಮೇಲ್ಪದರದಿಂದ. ಸ್ಮಾಲ್ ಸೆಲ್ ಭಾಗ ಎಷ್ಟೋ ಸಲ ಒಳಪದರದ ಕೆಳಗೆ ಬೆಳೆದಿರುತ್ತೆ, ಹಾಗಾಗಿ ಮೊದಲ ಸಲ ಚಿಮಟಕ್ಕೆ ಸ್ಕ್ವಾಮಸ್ ಮಾತ್ರ ಸಿಕ್ಕಿರಬಹುದು, ಅದಕ್ಕೇ ಐದಾರು ಜಾಗದಿಂದ ಚೂರು ತೆಗೀಬೇಕು ಅನ್ನೋದು.

ಈಗ ನೀವು ಮಾಡಬೇಕಾದ್ದು ಸ್ಲೈಡ್ ರಿವ್ಯೂ, ಅಂದ್ರೆ ತೆಗೆದ ಚೂರನ್ನೇ ಇನ್ನೊಬ್ಬ ತಜ್ಞರಿಂದ ಮತ್ತೆ ನೋಡಿಸೋದು. ರಿಪೋರ್ಟ್ ಪೇಪರ್ ಸಾಲದು, ಎರಡೂ ಲ್ಯಾಬಿಂದ ಸ್ಲೈಡು ಮತ್ತೆ ಚೂರನ್ನ ಕಾದಿಟ್ಟಿರೋ ಮೇಣದ ಬ್ಲಾಕ್ ಕೇಳಿ ತಗೊಂಡು ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಕೊಡಿ. ಅಲ್ಲಿ ಐಎಚ್‌ಸಿ, ಅಂದ್ರೆ ಕೋಶಗಳಿಗೆ ಬಣ್ಣ ಹಿಡಿಸಿ ಯಾವ ಜಾತಿ ಅಂತ ಗುರುತಿಸೋ ಪರೀಕ್ಷೆ ಮಾಡ್ತಾರೆ. ಸಿನಾಪ್ಟೋಫೈಸಿನ್, ಕ್ರೋಮೋಗ್ರಾನಿನ್ ಟೆಸ್ಟಲ್ಲಿ ಕಂದು ಬಣ್ಣ ಬಂದ್ರೆ ಆ ಭಾಗ ನ್ಯೂರೋಎಂಡೋಕ್ರೈನ್, ಪಿ40ಗೆ ಬಂದ್ರೆ ಸ್ಕ್ವಾಮಸ್, ಕೆಐ-67 ನೋಡಿದ್ರೆ ಎಷ್ಟು ಜೋರಾಗಿ ಬೆಳೀತಿದೆ ಗೊತ್ತಾಗುತ್ತೆ. 2019ರ ಡಬ್ಲ್ಯೂಎಚ್‌ಒ ವರ್ಗೀಕರಣದ ಪ್ರಕಾರ ಒಂದೊಂದು ಭಾಗವೂ ಕನಿಷ್ಠ 30 ಪರ್ಸೆಂಟ್ ಇದ್ರೆ ಮಿಕ್ಸೆಡ್ ಅಂತಾರೆ, ಆದ್ರೆ ಸಣ್ಣ ಚೂರಲ್ಲಿ ಆ ಲೆಕ್ಕ ಹಾಕೋದು ಕಷ್ಟ, ಮತ್ತೆ ಸ್ಮಾಲ್ ಸೆಲ್ ಸ್ವಲ್ಪವೇ ಇದ್ರೂ ಅದನ್ನ ಕಡೆಗಣಿಸೋ ಹಾಗಿಲ್ಲ.

ಯಾಕಂದ್ರೆ ಔಷಧಿನೇ ಬದಲಾಗುತ್ತೆ. ಬರೀ ಸ್ಕ್ವಾಮಸ್ ಆದ್ರೆ ಸಾಮಾನ್ಯವಾಗಿ ಪ್ಯಾಕ್ಲಿಟ್ಯಾಕ್ಸೆಲ್-ಕಾರ್ಬೋಪ್ಲಾಟಿನ್ ಜೊತೆ ರೇಡಿಯೇಶನ್, ಆಮೇಲೆ ಆಗೋ ಹಾಗಿದ್ರೆ ಆಪರೇಶನ್. ಸ್ಮಾಲ್ ಸೆಲ್ ಬೇಗ ಲಿವರ್‌ಗೆ, ಬೇರೆ ಕಡೆಗೆ ಹರಡೋ ಜಾತಿ, ಹಾಗಾಗಿ ಮೊದಲು ಪೆಟ್ ಸಿಟಿ (ಮೈಯೆಲ್ಲಾ ಎಲ್ಲಿ ಹರಡಿದೆ ಅಂತ ನೋಡೋ ಸ್ಕ್ಯಾನ್), ಬ್ರೈನ್ ಎಂಆರ್‌ಐ ಮಾಡಿಸಿ, ಎಟೊಪೊಸೈಡ್ ಜೊತೆ ಸಿಸ್‌ಪ್ಲಾಟಿನ್ ಇಲ್ಲಾ ಕಾರ್ಬೋಪ್ಲಾಟಿನ್ ಕೊಡೋದು ರೂಢಿ. ಹರಡಿಲ್ಲ ಅಂದ್ರೆ ರೇಡಿಯೇಶನ್ನೂ ಸೇರಿಸ್ತಾರೆ, ಆಪರೇಶನ್ ಕೆಲವರಿಗೆ ಮಾತ್ರ. ಕಾಯಿಲೆ ಅಪರೂಪ ಆಗಿರೋದ್ರಿಂದ ದೊಡ್ಡ ಟ್ರಯಲ್‌ಗಳ ಆಧಾರ ಇಲ್ಲ, ಒಬ್ಬ ಡಾಕ್ಟರ್ ತೀರ್ಮಾನ ಸಾಲದು, ಟ್ಯೂಮರ್ ಬೋರ್ಡಲ್ಲಿ (ಬೇರೆ ಬೇರೆ ತಜ್ಞರು ಸೇರಿ ತೀರ್ಮಾನಿಸೋ ಸಭೆ) ಕೇಸ್ ಇಡಿ ಅಂತ ನೀವೇ ಕೇಳಿ, ಸಂಕೋಚ ಬೇಡ. ಸುಲಭದ ಕಾಯಿಲೆ ಅಂತ ನಾನು ಹೇಳಲ್ಲಮ್ಮ, ಆದ್ರೆ ಸರಿಯಾದ ಕೀಮೋಗೆ ಈ ಗಡ್ಡೆ ಕರಗೋದೂ ಉಂಟು.

ರಿವ್ಯೂ ಬರೋ ತನಕ ಅಪ್ಪನ್ನ ಹಸಿವಲ್ಲಿ ಇಡಬೇಡಿ. ಗಂಜಿನೂ ಇಳೀತಿಲ್ಲ ಅಂದ್ರೆ ಮೂಗಿನ ಟ್ಯೂಬ್ ಅಥವಾ ಹೊಟ್ಟೆ ಮೂಲಕ ಹಾಕೋ ಫೀಡಿಂಗ್ ಟ್ಯೂಬ್ ಬಗ್ಗೆ ಈ ವಾರವೇ ಮಾತಾಡಿ. ತೂಕ ಇಳಿದು ನಿತ್ರಾಣ ಆದ್ರೆ ಕೀಮೋ ತಡ್ಕೊಳ್ಳೋಕೆ ಆಗಲ್ಲ. ನೀರು ಕುಡಿದ ತಕ್ಷಣ ಕೆಮ್ಮು ಬರ್ತಿದ್ರೆ ಬಾಯಿಂದ ಏನೂ ಕೊಡಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.