ಎಲ್‌ಪಿ ರೆಕಾರ್ಡಿನ ದನಿ ಡಿಜಿಟಲ್‌ಗಿಂತ ನಿಜಕ್ಕೂ ಚೆನ್ನವೇ?

ಅಳತೆಗೆ ಕೂತರೆ ಡಿಜಿಟಲ್ಲೇ ಮೇಲು. ಸಿ.ಡಿ. ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದಿಡುತ್ತದೆ. ನಮ್ಮ ಕಿವಿಗೆ ಎಟಕುವ 20,000 ಹರ್ಟ್ಸ್‌ಗೆ ಅದು ಧಾರಾಳ ಸಾಕು. 'ಡಿಜಿಟಲ್ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ದನಿ' ಅನ್ನುವುದು ಸುಳ್ಳು. ಸ್ಪೀಕರಿಗೆ ಹೋಗುವ ಅಲೆ ನುಣುಪಾಗಿಯೇ ಇರುತ್ತದೆ. ಆದರೂ ಹಳೇ ರೆಕಾರ್ಡು ಹಿತವೆನಿಸಿದರೆ, ಎಷ್ಟೋ ಸಲ ಕಾರಣ ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚೆ ದನಿಯನ್ನು ಹದ ಮಾಡುವ ಕೊನೆಯ ಕೆಲಸ: 1990ರ ನಂತರದ ಅನೇಕ ಸಿ.ಡಿ.ಗಳಲ್ಲಿ ಎಲ್ಲವನ್ನೂ ಒಂದೇ ಸಮ ಜೋರು ಮಾಡಿ ಹಾಡಿನ ಏರಿಳಿತವನ್ನೇ ಕೊಂದಿದ್ದಾರೆ.

ಮಡಿಕೇರಿಯ ನಮಗೆ ಇನ್ನೊಂದು ತಾಪತ್ರಯವುಂಟು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ರಟ್ಟಿನ ಕವರಿಗೆ, ಆಮೇಲೆ ರೆಕಾರ್ಡಿಗೂ ಬೂಷ್ಟು ಹತ್ತುತ್ತದೆ. ಸೂಜಿ ಇಟ್ಟರೆ ತುದಿಗೆ ಬಿಳಿ ನೂಲಿನಂಥ ಕಸ ಸುತ್ತಿಕೊಂಡು, ಹಾಡಿಗಿಂತ ಚಟಪಟವೇ ಹೆಚ್ಚು. ನಾನಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫೋನಿನಲ್ಲೇ ಕೇಳುವುದು.